ಅತ್ತೆಮನೆಯಲ್ಲಿ ನ್ಯೂ ವೇವ್ ರೆಕಾರ್ಡಿಂಗ್

ದಾಖಲೆ ಇಡುವುದರಲ್ಲಿ ನನ್ನನ್ನು ಮೀರಿಸುವವರು ದಾಂಡೇಲಿಯಲ್ಲೇ ಇಲ್ಲ ಎಂದು ಆಗ ನನಗೆ ಬಲವಾದ ನಂಬಿಕೆಯಿತ್ತು. ಮರದ ಡಿಪೋದಲ್ಲಿ ಗುಮಾಸ್ತನಾಗಿದ್ದೆ. ಕಾಡಿನಿಂದ ಬಂದ ಪ್ರತಿ ದಿಮ್ಮಿಯ ಉದ್ದ, ಸುತ್ತಳತೆ, ನಂಬರು ಒಂದೂ ತಪ್ಪದೆ ಬರೆದಿಡುತ್ತಿದ್ದೆ. ದಿಮ್ಮಿಗಳು ಅಲುಗಾಡುವುದಿಲ್ಲ, ಮಾತಾಡುವುದಿಲ್ಲ, ಅದಕ್ಕೇ ಅವುಗಳ ದಾಖಲೆ ಸುಲಭ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಹೆಂಡತಿ ಲವೀನಾಗೆ ಏಳನೇ ತಿಂಗಳು. ಬಸ್ಸು ಹತ್ತಬಾರದು, ಭಾರ ಎತ್ತಬಾರದು, ಹೆಚ್ಚು ಹೊತ್ತು ಮಲಗಿಯೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಮಲಗಿದಲ್ಲೇ ರೇಡಿಯೋದ ಮುಳ್ಳು ತಿರುಗಿಸುತ್ತಾ ಒಂದು ದಿನ ಆಕೆ ಸುದ್ದಿಯೊಂದನ್ನು ಹಿಡಿದಳು. ಗೋವಾ ಕಡೆಯ ಸ್ಟೇಷನ್ನಿನ ಡಿಜೆ ಒಬ್ಬ ಎಂಬತ್ತರ ದಶಕದ ನ್ಯೂ ವೇವ್ ಎಂಬ ಬಗೆಯ ಇಂಗ್ಲಿಷ್ ಹಾಡುಗಳನ್ನು ಆಯ್ದು, ಜೋಡಿಸಿ, ಆರು ಭಾನುವಾರ ಮಧ್ಯಾಹ್ನ ಸರಣಿಯಾಗಿ ಹಾಕಲಿದ್ದಾನಂತೆ.

"ಅಂವಾ ಬರೀ ಹಾಡು ಹಚ್ಚೂದಿಲ್ರೀ, ಪೋಣಸ್ತಾನ," ಎಂದಳು ಲವೀನಾ. "ಸಣ್ಣಾಕಿ ಇದ್ದಾಗಿಂದ ಕೇಳೇನಿ. ಐತವಾರ ಊಟ ಆದ ಮ್ಯಾಲೆ ನಾನು, ಮಾಯ್ ಇಬ್ರೂ ರೇಡಿಯೋದ ಮುಂದ ಕುಂಡ್ರತಿದ್ವಿ. ಮಾಯ್ ಬೈಕೋತ ಕೇಳ್ತಿದ್ಲು, ಆದ್ರ ಕಾಲು ತಾಳ ಹಾಕ್ತಿತ್ತು."

ಮಾಯ್ ಎಂದರೆ ಆಕೆಯ ತಾಯಿ, ನನ್ನ ಅತ್ತೆ. ಇರುವುದು ಅನಮೋಡದಲ್ಲಿ. ಗೋವಾ ಗಡಿ ಅಲ್ಲೇ ಇರುವುದರಿಂದ ಆ ಸ್ಟೇಷನ್ನು ಅತ್ತೆಯ ಮನೆಯಲ್ಲಿ ಪಕ್ಕದ ಕೋಣೆಯಲ್ಲಿ ಮಾತಾಡಿದಷ್ಟು ಸ್ಪಷ್ಟ. ನಮ್ಮ ದಾಂಡೇಲಿಯಲ್ಲಿ ಒಗ್ಗರಣೆ ಸಿಡಿದಂತೆ ಬರೀ ಚಟಪಟ.

ಆದರೆ ಅತ್ತೆ ನಮ್ಮೊಂದಿಗೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅವರು ಕ್ರಿಶ್ಚಿಯನ್ನರು, ನಾನು ಧಾರವಾಡ ಕಡೆಯ ಲಿಂಗಾಯತ. ಹೇಳಿದರೆ ಬೇಡ ಎಂದಾರು ಎಂದು ಹೆದರಿ, ಹಳಿಯಾಳದಲ್ಲಿ ರಿಜಿಸ್ಟರ್ ಮದುವೆ ಮಾಡಿಕೊಂಡು, ಆಮೇಲೆ ಹೋಗಿ ಕಾಲಿಗೆ ಬಿದ್ದಿದ್ದೆವು. ಅತ್ತೆ ಕಾಲು ಹಿಂದೆ ತೆಗೆದುಕೊಂಡು ಒಳಗೆ ಹೋಗಿದ್ದರು. ಚೊಚ್ಚಲ ಹೆರಿಗೆಗೆ ತವರು ಬೇಕು ಎನ್ನುವುದು ಎಲ್ಲ ಹೆಣ್ಣುಮಕ್ಕಳ ಆಸೆ. ಲವೀನಾ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನನಗೆ ಸಂಕಟವಾಗುತ್ತಿತ್ತು.

"ಚಿಂತಿ ಬ್ಯಾಡ! ಆರೂ ಕಂತು ನಾನು ರೆಕಾರ್ಡ್ ಮಾಡಿಕೊಂಡು ಬರ್ತೇನಿ!" ಎಂದು ಘೋಷಿಸಿದೆ.

"ಮಾಯ್ ಮನ್ಯಾಗ?"

"ಮತ್ತೆಲ್ಲಿ? ಅವರು ನನ್ನ ಕೂಡ ಮಾತಾಡೂದಿಲ್ಲ. ರೆಕಾರ್ಡಿಂಗಿಗೆ ಬೇಕಾದದ್ದೇ ಅದು, ನಿಶ್ಶಬ್ದ!"

ಲವೀನಾ ದಿಂಬಿಗೆ ಒರಗಿ ಕುಳಿತಳು. "ಹೋಗ್ರಿ. ಆದ್ರ ಹೊಟ್ಟೀಲೆ ಅದೇನಿ ಅಂತ ಮಾತ್ರ ಹೇಳಬ್ಯಾಡ್ರಿ. ಮೊಮ್ಮಗುವಿನ ಆಸೆ ತೋರಿಸಿ ಕರೆಯೂದು ನನಗ ಬ್ಯಾಡ. ನನ್ನ ಮ್ಯಾಲಿನ ಸಿಟ್ಟು ಇಳಿದ್ರ ಬರ್ಲಿ." ನಾನು ದೇವರ ಮೇಲೆ, ಡಿಪೋದ ಮೇಲೆ, ಇನ್ನೂ ಹುಟ್ಟದ ಮಗುವಿನ ಮೇಲೆ ಆಣೆ ಮಾಡಿದೆ.

ಮೊದಲ ಭಾನುವಾರ ಗೆಳೆಯನ ಟೇಪ್ ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು, ರಾಮನಗರದಲ್ಲಿ ಬಸ್ಸು ಬದಲಿಸಿ ಅನಮೋಡ ತಲುಪಿದೆ. ಅತ್ತೆ ಬಾಗಿಲು ತೆರೆದರು. ನನ್ನನ್ನು ನೋಡಿದರು. ಒಳಗೆ ಹೋದರು. ಬಾಗಿಲು ಮುಚ್ಚಲಿಲ್ಲ! ಇದನ್ನೇ ಹಾರ್ದಿಕ ಸ್ವಾಗತವೆಂದು ಭಾವಿಸಿ ಹಿಂದೆಯೇ ನಡೆದೆ. "ಲವೀನಾಗ ಈ ಕಾರ್ಯಕ್ರಮ ಬೇಕಂತ್ರಿ," ಎಂದು ಗೋಡೆಯ ಮೇಲಿದ್ದ ಏಸುವಿಗೆ ಅರ್ಜಿ ಸಲ್ಲಿಸಿದೆ.

ಅತ್ತೆ ಮೂಲೆಯಲ್ಲಿ ಕುಳಿತು ಹಲಸಿನ ಬೀಜ ಸುಲಿಯುತ್ತಿದ್ದರು. ಎದುರಿಗೆ ಬೆಕ್ಕು ಮಲಗಿತ್ತು. ಅತ್ತೆ ಅದರತ್ತ ತಿರುಗಿದರು.

"ಏ ಮಿನ್ನು, ರೇಡಿಯೋ ಅಲ್ಲೈತಿ ಅಂತ ಹೇಳು."

ಮಿನ್ನು ಕಣ್ಣು ಕೂಡ ತೆರೆಯಲಿಲ್ಲ. ಆದರೆ ಸಂದೇಶ ತಲುಪಿತು.

ರೇಡಿಯೋ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು ಬಟನ್ ಒತ್ತಿದೆ. ಡಿಜೆಯದು ಉಂಡು ಕುರ್ಚಿಗೆ ಒರಗಿದ ಮನುಷ್ಯನ ದನಿ. ಹಾಡುಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಭಜನೆ ಕೇಳಿ ಬೆಳೆದ ಕಿವಿ ನನ್ನದು. ವಾದ್ಯಗಳಿಗೆ ಕರೆಂಟು ಜಾಸ್ತಿ, ಹಾಡುವವನಿಗೆ ನೆಗಡಿ, ಇಷ್ಟು ಅರ್ಥವಾಯಿತು. ಒಂದು ತಾಸು ಉಸಿರು ಬಿಗಿಹಿಡಿದು ಕುಳಿತೆ. ಸಂಜೆ ವಿಜಯಿಯಾಗಿ ಮನೆಗೆ ಬಂದು ಕ್ಯಾಸೆಟ್ ಹಾಕಿದರೆ, ಸ್ಸ್ಸ್ಸ್ ಎಂಬ ಶಬ್ದ ಬಿಟ್ಟು ಏನೂ ಇಲ್ಲ! ರೆಕಾರ್ಡ್ ಮಾಡಲು ಎರಡು ಬಟನ್ ಕೂಡಿಸಿ ಒತ್ತಬೇಕಂತೆ. ನಾನು ಒಂದೇ ಒತ್ತಿದ್ದೆ. ಮಶೀನೇ ಸರಿಯಿಲ್ಲ ಎಂದು ವಾದಿಸಿದೆ. ಕುಣಿಯಲಾರದವಳಿಗೆ ನೆಲ ಯಾವಾಗಲೂ ಡೊಂಕು.

ಎರಡನೇ ಭಾನುವಾರ ಎರಡೂ ಬಟನ್ ಒತ್ತಿದೆ. ಮೊದಲ ಹಾಡು ಶುರುವಾಗಿದ್ದೇ ತಡ, ಮಾತು ಬಿಟ್ಟಿದ್ದ ಅತ್ತೆಗೆ ಮಾತಿನ ಹುಕಿ ಬಂತು.

"ಮಿನ್ನು, ಬಂದವರು ಉಂಡಾರೋ ಇಲ್ಲೋ ಕೇಳು."

ಸುಮ್ಮನಿರಿ ಎಂದು ನಾನು ಹೇಳುವಂತಿಲ್ಲ. ನಾನೂ ಬೆಕ್ಕಿನ ಇಲಾಖೆಯ ಮೂಲಕವೇ ಪತ್ರವ್ಯವಹಾರ ನಡೆಸಬೇಕಾಯಿತು. "ಮಿನ್ನು, ಉಂಡೇನಿ. ಒಂದು ತಾಸು ಯಾರೂ ಮಾತಾಡಬಾರದು ಅಂತ ಹೇಳು."

"ಮಿನ್ನು, ನನ್ನ ಮನ್ಯಾಗ ನನಗ ಸುಮ್ನಿರು ಅನ್ನಾವ್ರು ಯಾರಂತ ಕೇಳು!"

ಈ ಕಂತನ್ನು ಕೇಳಿ ಲವೀನಾ ಸಿಟ್ಟಾಗುತ್ತಾಳೆಂದು ಹೆದರಿದ್ದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. "ಮಾಯ್ ಧ್ವನಿ ಸ್ವಲ್ಪ ಒಡದೈತಿ," ಎಂದಳು. ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಹಾಡು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮೂರನೇ ವಾರ ಟೇಪ್ ರೆಕಾರ್ಡರನ್ನು ರೇಡಿಯೋಕ್ಕೆ ಇನ್ನಷ್ಟು ಹತ್ತಿರ ಸರಿಸಿದೆ. ನನ್ನ ಬುದ್ಧಿ ಅಷ್ಟೇ!

ಆ ಮೂರನೇ ಭಾನುವಾರವೇ ಅನಾಹುತ ನಡೆದದ್ದು. ಅತ್ತೆ ಬೀಜ ಸುಲಿಯುತ್ತಾ, ಹಾಡಿನ ನಡುವೆಯೇ ಕೇಳಿದರು.

"ಮಿನ್ನು, ತನಗ ಬೇಕಾದ ಹಾಡಿಗೆ ಮಗಳು ತಾನ ಯಾಕ ಬರವಲ್ಲಳು ಅಂತ ಕೇಳು."

"ಮಿನ್ನು, ರಸ್ತೆ ತುಂಬ ತಗ್ಗು ಬಿದ್ದಾವು ಅಂತ ಹೇಳು."

"ಮಿನ್ನು, ಹುಟ್ಟಿದಾಗಿಂದ ಆಕಿ ಅದ ರಸ್ತ್ಯಾಗ ಓಡ್ಯಾಡ್ಯಾಳ. ಈಗೇನು ಹೊಸದು?"

"ಮಿನ್ನು, ಡಾಕ್ಟರು ಬ್ಯಾಡ ಅಂದಾರ."

ಬೀಜ ಸುಲಿಯುವ ಸದ್ದು ನಿಂತಿತು. ಅತ್ತೆಯ ಮುಖ ಬಿಳಿಚಿಕೊಂಡಿತು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಗಾಬರಿ ಆಗಬ್ಯಾಡ್ರಿ ಅಂತ ಹೇಳು ಮಿನ್ನು! ಜಡ್ಡು ಗಿಡ್ಡು ಏನೂ ಅಲ್ಲ. ಏಳನೇ ತಿಂಗಳು, ಅಷ್ಟ!"

ಹೇಳಿದ ಮೇಲೆ ಆಣೆ ನೆನಪಾಯಿತು. ನಾಲಿಗೆ ಕಚ್ಚಿಕೊಂಡೆ. ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಓಡಿ, ಕಾಲು ಗಂಟೆ ಅಲ್ಲೇ ಅಡಗಿದ್ದೆ. ತಿರುಗಿ ಬಂದಾಗ ಅತ್ತೆ ಅಡುಗೆಮನೆ ಸೇರಿದ್ದರು. ಕ್ಯಾಸೆಟ್ಟಿನ ಒಂದು ಬದಿ ಮುಗಿದು ತಾನಾಗಿಯೇ ನಿಂತಿತ್ತು. ಮಶೀನು ಸಮೇತ ಅದನ್ನು ಎತ್ತಿಕೊಂಡು ಸಿಕ್ಕ ಬಸ್ಸು ಹತ್ತಿದೆ.

"ಮಾಯ್‌ಗ ಏನೂ ಹೇಳಿಲ್ಲಲ್ಲ?" ಬಾಗಿಲಲ್ಲೇ ಲವೀನಾ ಕೇಳಿದಳು.

"ಛೇ ಛೇ! ನನ್ನ ಬಾಯಿಗೆ ಬೀಗ!" ಎಂದು ಎದೆ ಮುಟ್ಟಿಕೊಂಡು ಹೇಳಿ, ಅದೇ ಕೈಯಿಂದ ಕ್ಯಾಸೆಟ್ ಹಾಕಿ ಬಟನ್ ಒತ್ತಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತದೆ ಗಾದೆ. ನನ್ನ ಮಾತು ಹೋಗಲೇ ಇಲ್ಲ. ಕ್ಯಾಸೆಟ್ಟಿನಲ್ಲಿ ಅಕ್ಷರಶಃ ಉಳಿದಿತ್ತು! "ಏಳನೇ ತಿಂಗಳು, ಅಷ್ಟ!" ಎಂದು ನನ್ನದೇ ಕಂಠ ನಮ್ಮ ಮನೆಯಲ್ಲಿ ಮೊಳಗಿದಾಗ ಗಡಬಡಿಸಿ ನಿಲ್ಲಿಸಲು ಹೋದೆ. ಲವೀನಾ ನನ್ನ ಕೈ ಹಿಡಿದಳು. "ಇರ್ಲಿ. ಬಿಡ್ರಿ."

ಟೇಪು ಓಡುತ್ತಿತ್ತು. ನನ್ನ ಓಟದ ಹೆಜ್ಜೆ ಸದ್ದು. ಡಿಜೆಯ ಎರಡು ಮಾತು. ಹೊಸ ಹಾಡು ಶುರುವಾಯಿತು. ಅದರೊಳಗೆ ಇನ್ನೊಂದು ದನಿ ಸಣ್ಣಗೆ ಸೇರಿಕೊಂಡಿತು. ಅತ್ತೆ ಹಾಡುತ್ತಿದ್ದರು! ಇಂಗ್ಲಿಷು ಒಂದಕ್ಷರ ಬಾರದ ಅತ್ತೆ ಮಾತುಗಳನ್ನು ಬಿಟ್ಟು, ರಾಗ ಮಾತ್ರ ಹಿಡಿದು ಹೂಂ ಹೂಂ ಎನ್ನುತ್ತಿದ್ದರು. "ನನ್ನ ತಲೀ ಬಾಚೂ ಮುಂದ ಇದನ್ನ ಹಾಡ್ತಿದ್ಲು," ಎಂದಳು ಲವೀನಾ. ಆಮೇಲೆ ಹಾಡು ನಿಂತು, ಮಾತು ಕೇಳಿಸಿತು.

"ಮಿನ್ನು, ನನಗೊಂದ ಮಾತು ಮೊದಲ ಹೇಳಿದ್ರ ನಾ ಬ್ಯಾಡ ಅಂತಿದ್ನೇನ? ಮಗಳ ಲಗ್ನಕ್ಕ ಉಡಬೇಕಂತ ಹಸಿರು ಸೀರಿ ತಗದಿಟ್ಟಿದ್ದೆ. ಉಡಾಕ ಬಿಡಲಿಲ್ಲ ಆಕಿ. ಈಗ ಓಡಿ ಹೋಗಬೇಕನಸ್ತೈತಿ. ಮೂರು ವರ್ಷ ಸುಮ್ನ ಕುಂತು, ಈಗ ಯಾವ ಮಾರಿ ಹೊತ್ಕೊಂಡು ಹೋಗ್ಲಿ?"

ಟಕ್ ಎಂದು ಟೇಪು ನಿಂತಿತು.

ಲವೀನಾ ಅಳುತ್ತಿದ್ದಳು. ನಾನೂ ಕಣ್ಣು ಒರೆಸಿಕೊಂಡೆ. ಮೂರು ವರ್ಷ ನಾವು ಅತ್ತೆಯ ಸಿಟ್ಟನ್ನು ಜಾತಿಯ ಲೆಕ್ಕಕ್ಕೆ ಬರೆದಿದ್ದೆವು. ಅವರದು ಬರೀ ಒಂದು ಸೀರೆಯ ದುಃಖ. ಹೇಳದೇ ಹೋದದ್ದೇ ನಮ್ಮ ತಪ್ಪು ಎಂದು ಅಂದೇ ನಮಗೆ ತಿಳಿದದ್ದು.

"ಇನ್ನೊಮ್ಮೆ ಹಚ್ಚರಿ," ಎಂದಳು.

"ಯಾವ ಹಾಡು?" ಎಂದೆ ನಾನು!

ಮರುದಿನ ಬೆಳಿಗ್ಗೆ ಲವೀನಾ ಒಂದು ಚೀಟಿ ಬರೆದು ಕೊಟ್ಟಳು. ಅದರಲ್ಲಿ ಒಂದೇ ಸಾಲು: "ಮಾಯ್, ತಪ್ಪಾತು, ಆ ಸೀರಿ ಉಟ್ಕೊಂಡು ಬಾ." ಅಂಚೆಗೆ ಹಾಕಿದರೆ ತಡವಾದೀತೆಂದು ರಾಮನಗರದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ಅಲ್ಲಿಂದ ಅನಮೋಡದ ಬಸ್ಸಿಗೆ ದಾಟಿಸಲು ಹೇಳಿದೆ. ವಾರವಿಡೀ ಉತ್ತರ ಬರಲಿಲ್ಲ. ಚೀಟಿ ತಲುಪಿತೋ ಇಲ್ಲವೋ ಎಂದು ಸಂಜೆಗೊಮ್ಮೆ ಬಸ್ ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದೆ. ಲವೀನಾ ಕೇಳುತ್ತಿರಲಿಲ್ಲ, ನನ್ನ ಮುಖ ನೋಡಿ ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದಳು.

ನಾಲ್ಕನೇ ಭಾನುವಾರ ಟೇಪ್ ರೆಕಾರ್ಡರ್ ಚೀಲಕ್ಕೆ ಹಾಕಿ ಹೊರಡುತ್ತಿದ್ದೆ. ಬಾಗಿಲು ತೆರೆದರೆ ಎದುರಿಗೆ ಅತ್ತೆ! ಹಸಿರು ರೇಷ್ಮೆ ಸೀರೆ, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಎರಡೂ ಕೈಯಲ್ಲಿ ಭಾರದ ಚೀಲ.

"ಏನ ಕಣ್ಣು ಪಿಳಿಪಿಳಿ ಬಿಡ್ತಿ? ಚೀಲ ಹಿಡಿ," ಎಂದರು. ನೇರವಾಗಿ ನನಗೇ! ಮದುವೆಯಾದ ಮೂರು ವರ್ಷಕ್ಕೆ ಅತ್ತೆ ನನಗಾಡಿದ ಮೊದಲ ಮಾತು. ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಒಳಗೆ ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು, ಮೂರು ವರ್ಷದ್ದನ್ನೆಲ್ಲ ಕೊಂಕಣಿಯಲ್ಲಿ ಒಂದೇ ಉಸಿರಿಗೆ ಮಾತಾಡುತ್ತಿದ್ದರು. ಆ ಭಾನುವಾರದ ಕಂತನ್ನು ನಮ್ಮಲ್ಲಿ ಯಾರೂ ಕೇಳಲಿಲ್ಲ. ಮುಂದಿನೆರಡನ್ನೂ ಕೇಳಲಿಲ್ಲ.

ಅತ್ತೆ ಬಾಣಂತನ ಮುಗಿಯುವವರೆಗೂ ನಮ್ಮಲ್ಲೇ ಇದ್ದರು. ಮಗಳು ಹುಟ್ಟಿದ ಸಂಭ್ರಮದಲ್ಲಿ ಒಮ್ಮೆ ನಾನು ಮೀಸೆ ತಿರುವುತ್ತಾ ಲವೀನಾಗೆ ಹೇಳಿದೆ: "ನೋಡಿದೆಯಾ? ನಿನ್ನ ಚೀಟಿ ಒಂದು ನೆಪ. ಖರೇ ಅಂದ್ರ ಮೂರು ವಾರ ನಾನು ಪಟ್ಟ ಕಷ್ಟ ನೋಡಿ ನಿಮ್ಮ ತಾಯಿ ಮನಸ್ಸು ಕರಗಿತು!"

ಲವೀನಾ ಮಗುವನ್ನು ಭುಜಕ್ಕೆ ಹಾಕಿಕೊಂಡು ನಕ್ಕಳು. "ನಾನೂ ಹಂಗ ಕೇಳಿದೆ ರೀ. ಮಾಯ್ ಏನಂದ್ಲು ಗೊತ್ತೈತೇನು? 'ಚೀಟಿ ಬರೂಕಿಂತ ಮೊದಲ ಚೀಲ ತುಂಬಿದ್ದೆ. ಮೂರು ವಾರ ಈ ಮನುಷ್ಯಾನ್ನ ಕಣ್ಣಾರೆ ನೋಡೇನಿ. ಇಂಥವನ ಕೈಯಾಗ ನಿನ್ನ ಬಾಣಂತನ ಬಿಟ್ಟು ನಾನು ಹೆಂಗ ಕಣ್ಣು ಮುಚ್ಚಲಿ?'"