ಮಾವ ಹಾಕಿದ ಮುತ್ತಿಗೆ

ನಮ್ಮ ಸೋದರಮಾವ ಕತ್ತಿ ಹಿಡಿದವರಲ್ಲ, ಘೋಷಣೆ ಕೂಗಿದವರಲ್ಲ, ಯಾರಿಗೂ 'ಲೇ' ಎಂದವರೂ ಅಲ್ಲ. ಆದರೂ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಅವರಿಗೆ ಶರಣಾಗದ ಕಚೇರಿ ಇಲ್ಲ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಅವರು ನಿಮ್ಮ ಎದುರು ಬಂದು ಕುಳಿತ ದಿನ ತಾನಾಗಿ ನಂಬುತ್ತೀರಿ!

ಮಾವ ನಂಜನಗೂಡಿನಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು. ಇಂಗ್ಲಿಷಿನಲ್ಲಿ ಲಕ್ಷಾಂತರ ಪದಗಳಿವೆಯಂತೆ. ನಮ್ಮ ಮಾವನಿಗೆ ಮಾತ್ರ ಒಂದೇ ಪದದ ಮೇಲೆ ಪ್ರಾಣ. ಅದು 'ಬಿಸೀಜ್'. ಅವರ ಶಿಷ್ಯನಾಗಿದ್ದ ನನಗೆ ಆ ಪಾಠ ಈಗಲೂ ಬಾಯಿಪಾಠ. ಮೊದಲನೇ ಅರ್ಥ, ಸೈನ್ಯ ಕೋಟೆಯನ್ನು ಸುತ್ತುವರಿಯುವುದು. ಇದಕ್ಕೆ ಉದಾಹರಣೆಯಾಗಿ ಮಾವ ಬೆತ್ತ ಹಿಡಿದು ನನ್ನ ಬೆಂಚಿಗೆ ಮೂರು ಸುತ್ತು ಹಾಕುತ್ತಿದ್ದರು. ಎರಡನೇ ಅರ್ಥ, ಜನ ಮುಗಿಬೀಳುವುದು. ರಸಬಾಳೆ ಗಾಡಿ ಬಂದಾಗ ನಮ್ಮೂರಿನವರು ಮಾಡುವುದೇ ಅದು. ಮೂರನೇ ಅರ್ಥ, ಬೇಡಿಕೆಗಳಿಂದ, ಪ್ರಶ್ನೆಗಳಿಂದ ಒಬ್ಬನನ್ನು ಉಸಿರಾಡಲು ಬಿಡದಿರುವುದು. ಇದಕ್ಕೆ ಅವರು ಉದಾಹರಣೆ ಕೊಡುತ್ತಿರಲಿಲ್ಲ. ನಿವೃತ್ತರಾದ ಮೇಲೆ ತಾವೇ ಉದಾಹರಣೆಯಾದರು.

ಪತ್ರಿಕೆಯಲ್ಲಿ 'ಕಚೇರಿಗೆ ಮುತ್ತಿಗೆ' ಎಂದು ಓದಿದರೆ ಸಾಕು, ಮಾವನಿಗೆ ಉರಿದುಹೋಗುತ್ತಿತ್ತು.

"ಹತ್ತು ನಿಮಿಷ ಕೂಗೋದು, ಫೋಟೋ ತೆಗಿಸ್ಕೊಳ್ಳೋದು, ಟೀ ಕುಡಿಯೋಕೆ ಹೋಗೋದು! ಇದು ಮುತ್ತಿಗೇನಾ? ಸೀಜ್ ಅನ್ನೋದರ ಮೂಲ ಹಳೇ ಫ್ರೆಂಚು ಕಣೋ. ಆಸನ ಅಂತ ಅರ್ಥ. ಮುತ್ತಿಗೆ ಅಂದರೆ ಕೂತ್ಕೊಳ್ಳೋದು!"

ಅವರು ಕುಳಿತರು. ನಮ್ಮ ಬೀದಿಗೆ ತಿಂಗಳುಗಟ್ಟಲೆ ಕರೆಂಟಿನ ಕಾಟ. ಮಾವ ಮಡಚುವ ಕುರ್ಚಿ, ಮಜ್ಜಿಗೆ ಬಾಟಲಿ, ಒಂದು ಪೊಟ್ಟಣ ಕಡ್ಲೇಪುರಿ ಹಿಡಿದು ಸಂಬಂಧಪಟ್ಟ ಕಚೇರಿಗೆ ಹೋದರು. (ಯಾವ ಕಚೇರಿ ಎಂದು ಕೇಳಬೇಡಿ, ಆ ಸಾಹೇಬರು ಪಾಪ, ಮರೆಯಲು ಪ್ರಯತ್ನಿಸುತ್ತಿದ್ದಾರೆ.) ಅರ್ಜಿಯನ್ನು ಮೇಜಿನ ಮೇಲಿಟ್ಟು, ಎದುರಿಗೆ ಕುರ್ಚಿ ಹಾಕಿ, ಸಾಹೇಬರ ಮುಖವನ್ನೇ ನೋಡುತ್ತಾ ಕುಳಿತರು. ಮಾತಿಲ್ಲ, ಕತೆಯಿಲ್ಲ. ಸಾಹೇಬರು ಊಟಕ್ಕೆ ಹೋಗಿ ಬಂದರೂ ಅದೇ ಮುಖ, ಅದೇ ನೋಟ. ಮಾತು ಶುರುವಾದರೆ ಮುತ್ತಿಗೆ ಮುಗಿದಂತೆ ಎಂಬುದು ಮಾವನ ಯುದ್ಧನೀತಿ. ಮೂರನೇ ದಿನ ಮಧ್ಯಾಹ್ನ ಸಾಹೇಬರು ಕೈ ಮುಗಿದರಂತೆ.

"ಸಾ, ಬೇಕಾದ್ರೆ ಎರಡು ಬೈದ್ಬಿಡಿ ಸಾ. ಹಿಂಗೆ ಮಾತ್ರ ನೋಡ್ಬೇಡಿ! ಮನೇಲಿ ಅನ್ನದ ತಟ್ಟೇಲೂ ನಿಮ್ಮ ಮುಖಾನೇ ಕಾಣ್ತದೆ."

ಸಂಜೆಯೊಳಗೆ ಬೀದಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಸುದ್ದಿ ಹಬ್ಬುವುದಕ್ಕೆ ಇನ್ನೇನು ಬೇಕು? ತಾಂಡವಪುರದಿಂದ ಪಿಂಚಣಿ ನಿಂತವರು, ಕವಲಂದೆಯಿಂದ ಸರ್ವೆ ಆಗದವರು ಮಾವನ ಮನೆ ಬಾಗಿಲಿಗೆ ಬರತೊಡಗಿದರು.

"ಸಾ, ನಮ್ ಜಮೀನ್ ಸರ್ವೆ ಆಗ್ದೆ ಆರ್ ತಿಂಗ್ಳಾಯ್ತು. ತಾವೊಂದೆರಡ್ ದಿನ ಬಂದು ಕುಂತ್ಕೊಡ್ಬೇಕು" ಎಂದು ಕವಲಂದೆಯ ರೈತರೊಬ್ಬರು ಬೇಡಿಕೊಂಡಾಗ ನಾನು ಅಲ್ಲೇ ಇದ್ದೆ.

"ಒಬ್ಬ ಲಾಯರ್ ಇಟ್ಕೊಳ್ಳಯ್ಯ" ಎಂದರು ಮಾವ, ಬಿಂಕದಿಂದ.

"ಲಾಯರ್ ನಿಂತ್ಕೊಂಡು ಮಾತಾಡ್ತಾರೆ ಸಾ. ಕುಂತ್ಕೊಂಡು ಸುಮ್ಕಿರೋರು ಈ ಜಿಲ್ಲೇಲಿ ನೀವೊಬ್ರೇಯ!"

ಈ ಹೊಗಳಿಕೆಗೆ ಮಾವ ಕರಗಿ ನೀರಾದರು. ಅಲ್ಲಿಂದ ಮುಂದೆ ಮನೆಗೆ ಬರುವುದು ರಾತ್ರಿ ಉಣ್ಣುವುದಕ್ಕೆ, ಮಲಗುವುದಕ್ಕೆ ಮಾತ್ರ. ಮಕ್ಕಳಿಲ್ಲದ ಮನೆ. ನಮ್ಮತ್ತೆ ಹಗಲೆಲ್ಲ ಒಬ್ಬರೇ.

ಅತ್ತೆಗೆ ಕಣ್ಣಿಗೆ ಪೊರೆ ಬಂದಿತ್ತು. "ಮಂಜು ಮಂಜಾಗಿ ಕಾಣುತ್ತೆ ಕಣ್ರೀ, ಮೈಸೂರಿಗೆ ಕರ್ಕೊಂಡು ಹೋಗಿ ತೋರಿಸಿ" ಎಂದು ಯುಗಾದಿಯಿಂದ ಹೇಳುತ್ತಲೇ ಇದ್ದರು. ಮಾವ "ಈ ಪಿಂಚಣಿ ಮುತ್ತಿಗೆ ಮುಗೀಲಿ", "ಈ ಸರ್ವೆ ಮುತ್ತಿಗೆ ಮುಗೀಲಿ" ಎನ್ನುತ್ತಲೇ ಇದ್ದರು. ನಾನು ಕರೆದುಕೊಂಡು ಹೋಗುತ್ತೇನೆ ಎಂದರೆ ಅತ್ತೆ ಒಪ್ಪರು. "ನೀನ್ಯಾಕೆ? ನನ್ನ ಕಟ್ಕೊಂಡಿರೋರು ಅವರು" ಎಂದುಬಿಟ್ಟರು. ಶ್ರಾವಣ ಕಳೆಯಿತು. ಒಂದು ಬೆಳಿಗ್ಗೆ ಮಾವ ಪರರ ಕಾರ್ಯಕ್ಕೆ ಹೊರಟ ಮೇಲೆ ಅತ್ತೆ ಚೀಲ ಹಿಡಿದು ನನ್ನ ಬೈಕಿನ ಹಿಂದೆ ಕುಳಿತು, "ನಡಿ, ನರಸೀಪುರಕ್ಕೆ, ನಮ್ಮಮ್ಮನ ಮನೆಗೆ" ಎಂದರು. ದಾರಿಯುದ್ದಕ್ಕೂ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಿದ್ದರು. ಸಿಟ್ಟಿನ ಹಿಡಿತ ಎಂದುಕೊಂಡೆ. ಇಳಿಯುವಾಗ ನನ್ನಿಂದ ಆಣೆ ಹಾಕಿಸಿಕೊಂಡರು.

"ನಾನ್ಯಾಕೆ ಬಂದೆ ಅಂತ ಅವರಿಗೇ ಹೊಳೀಬೇಕು. ನೀನು ಬಾಯಿ ಬಿಟ್ಟೆಯೋ, ನಾನು ನಿಮ್ಮತ್ತೇನೇ ಅಲ್ಲ."

ಮಾವನಿಗೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊಳೆಯಿತು! ನೆಂಟರೆದುರು ಅತ್ತೆಯ ಇಂಗ್ಲಿಷ್ ತಿದ್ದಿದ್ದಕ್ಕೋ? ಉಪ್ಪಿನಕಾಯಿಗೆ ಉಪ್ಪು ಹೆಚ್ಚು ಎಂದಿದ್ದಕ್ಕೋ? ಫೋನು ಮಾಡಿದರೆ ಅತ್ತೆ ಎತ್ತುವುದಿಲ್ಲ. ನಾನು ಆಣೆಗೆ ಕಟ್ಟುಬಿದ್ದಿದ್ದೆ. ಕೊನೆಗೆ ಮಾವನಿಗೆ ತೋಚಿದ್ದು ಒಂದೇ. ಮಡಚುವ ಕುರ್ಚಿ ಹಿಡಿದು, ಬೆಳಗಿನ ಬಸ್ಸು ಹತ್ತಿ, ಅತ್ತೆಯ ತವರುಮನೆಯ ಎದುರಿನ ಹೊಂಗೆಮರದ ಕೆಳಗೆ ಕುಳಿತೇಬಿಟ್ಟರು!

ಹೆಂಡತಿ ವಾಪಸು ಬರುವವರೆಗೆ ದಿನಾ ಬೆಳಿಗ್ಗೆ ಬಂದು ಸಂಜೆಯ ತನಕ ಕೂರುವುದೆಂದು ತೀರ್ಮಾನ. ಆದರೆ ನಲವತ್ತು ಕಚೇರಿ ಗೆದ್ದವರಿಗೆ ಅಳಿಯನಾಗಿ ಮುತ್ತಿಗೆ ಹಾಕುವುದರ ಕಷ್ಟ ತಿಳಿದಿರಲಿಲ್ಲ. ನಮ್ಮ ಕಡೆ ಮನೆ ಬಾಗಿಲಲ್ಲಿ ಅಳಿಯ ಉಪವಾಸ ಕೂರುವುದುಂಟೆ? ಅತ್ತೆಯ ತಾಯಿ, ಎಂಬತ್ತು ದಾಟಿದ ಅಜ್ಜಿ, ಮೊದಲ ದಿನ ಹತ್ತು ಗಂಟೆಗೇ ಅಕ್ಕಿರೊಟ್ಟಿ, ಬೆಣ್ಣೆ ಹಿಡಿದು ಮರದಡಿಗೆ ಬಂದರು.

"ಅಳೀದೇವ್ರು ಬಾಗ್ಲಲ್ಲಿ ಅಸ್ಕಂಡು ಕುಂತ್ರೆ ಬೀದಿಯೋರು ಏನಂದಾರು? ಮುನಿಸ್ಕಂಡಿರೋಳು ನನ್ ಮಗ್ಳು. ನಾನಲ್ವಲ್ಲ, ಉಣ್ಣಿ!"

ಮಧ್ಯಾಹ್ನ ಬಾಳೆಲೆಯ ಮೇಲೆ ಊಟ. ಸಂಜೆ ನಾಲ್ಕಕ್ಕೆ ಕಜ್ಜಾಯ. ಮರುದಿನ ಒಬ್ಬಟ್ಟು. ಅದರ ಮರುದಿನ ಎದುರುಮನೆಯವರು, ನಾವೇನು ಕಡಿಮೆ ಎಂದು ಪಾಯಸ ಕಳಿಸಿದರು. ನಾನು ತಾಂಡ್ಯದ ಕಾರ್ಖಾನೆಯಲ್ಲಿ ಎರಡನೇ ಶಿಫ್ಟಿನವನು. ಬೆಳಿಗ್ಗೆ ಎರಡೂ ಪಾಳೆಯಗಳ ನಡುವೆ ರಾಯಭಾರಿಯಾಗಿ ಓಡಾಡುತ್ತಿದ್ದೆ.

"ಮಾವ, ಕೋಟೆಯೊಳಕ್ಕೆ ಒಂದು ಕಾಳು ಹೋಗದ ಹಾಗೆ ತಡೆಯೋದು ಮುತ್ತಿಗೆ ಅಂತ ನೀವೇ ಹೇಳಿಕೊಟ್ಟಿದ್ದಿರಿ. ಇಲ್ಲಿ ನೋಡಿದ್ರೆ ಕೋಟೆಯೇ ನಿಮ್ಮನ್ನ ಸಾಕ್ತಾ ಇದೆಯಲ್ಲ!"

"ಮೂರನೇ ಅರ್ಥದಲ್ಲಿ ಊಟ ನಿಷಿದ್ಧ ಅಂತ ಯಾವ ಡಿಕ್ಷನರೀಲಿ ಬರೆದಿದ್ದಾರೆ?" ಎಂದು ಮಾವ ಬೆಲ್ಟನ್ನು ಒಂದು ತೂತು ಸಡಿಲಿಸಿದರು.

ಆದರೆ ರಾತ್ರಿ ನಂಜನಗೂಡಿನ ಮನೆಯಲ್ಲಿ ಅವರು ದೀಪ ಹಾಕದೆ ಕುಳಿತಿರುತ್ತಿದ್ದರೆಂದು ಪಕ್ಕದವರು ಹೇಳಿದರು. ಆರನೇ ದಿನ ನನ್ನನ್ನು ಮೆಲ್ಲಗೆ ಕೇಳಿದರು: "ಅವಳು ಬರದೇ ಇದ್ದುಬಿಟ್ಟರೆ ಏನೋ ಮಾಡೋದು?" ಮಾವ ಅಂದಿನಿಂದ ಹೊಸ ತಂತ್ರ ಹೂಡಿದರು. ದಿನಾ ಇಸ್ತ್ರಿ ಮಾಡಿದ ಬಿಳಿ ಷರ್ಟು. ಕ್ರಾಪು ಬಾಚಿ, ಕಿಟಕಿಯತ್ತ ಪಶ್ಚಾತ್ತಾಪದ ಮುಖ. ಆ ಮುಖಕ್ಕೆ ಅವರು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದರಂತೆ! ಬೀದಿಯ ಹೆಂಗಸರಿಗೆ ಕಣ್ಣಲ್ಲಿ ನೀರು ಬಂತು. ಅತ್ತೆ ಮಾತ್ರ ಕಿಟಕಿಗೆ ಬಂದು ನಿಲ್ಲುವರು, ಮುಖದಲ್ಲಿ ಒಂದು ಗೆರೆಯೂ ಅಲುಗದು, ಒಳಗೆ ಹೋಗುವರು. ಎಂಥ ಕಲ್ಲುಮನಸ್ಸಪ್ಪ ಎನಿಸಿತು ನನಗೆ.

ಒಂಬತ್ತನೇ ದಿನ ಭಾನುವಾರ. ಸುಡುಬಿಸಿಲು. ಮಾವ ಸೆಕೆಗೆ ಷರ್ಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಉಂಡು, ಆಚೆಗಿದ್ದ ನಲ್ಲಿಯಲ್ಲಿ ಕೈ ತೊಳೆಯಲು ಎದ್ದರು. ಆಗ ಬಾಗಿಲಲ್ಲಿ ಅತ್ತೆ ಕಾಣಿಸಿದರು. ಕೈಯಲ್ಲಿ ಮಜ್ಜಿಗೆ ಲೋಟ. ಗೋಡೆ ಸವರಿಕೊಂಡು ಮೆಟ್ಟಿಲಿಳಿದು, ಬೀದಿ ದಾಟಿ, ಕುರ್ಚಿಯ ಮುಂದೆ ನಿಂತು ಲೋಟ ಚಾಚಿದರು. ಷರ್ಟಿಗೆ.

"ತಗೊಳ್ಳಿ" ಎಂದರು. ಷರ್ಟು ತೆಗೆದುಕೊಳ್ಳಲಿಲ್ಲ. "ಒಂಬತ್ತು ದಿನದಿಂದ ಕೂತಿದ್ದೀರಿ. ಒಂದು ಮಾತಾದ್ರೂ ಆಡಬಾರದಾ? ಕಿಟಕಿಗೆ ಬಂದ್ರೆ ಬೆಳ್ಳಗೆ ಏನೋ ಕಾಣುತ್ತೆ. ನಿಮ್ಮ ಮುಖ ಹೆಂಗಿದೆ, ಸಿಟ್ಟಲ್ಲಿದ್ದೀರೋ, ಅಳ್ತಾ ಇದ್ದೀರೋ, ನಂಗೆ ಹೆಂಗೆ ಗೊತ್ತಾಗಬೇಕು ಕಣ್ರೀ?"

ನಲ್ಲಿಯ ಬಳಿ ಮಾವ ಬನಿಯನ್ನಿನಲ್ಲಿ, ಒದ್ದೆ ಕೈಯಲ್ಲಿ, ನಿಂತಲ್ಲೇ ನಿಂತಿದ್ದರು. ಇಷ್ಟರ ಮಟ್ಟಿಗೆ ಕಣ್ಣು ಹೋಗಿದೆಯೆಂದು ನನಗೂ ತಿಳಿದಿರಲಿಲ್ಲ. ಆಣೆಯಂತೆ ಆಣೆ! ಬೈಕಿನ ಮೇಲೆ ನನ್ನ ಭುಜ ಹಿಡಿದದ್ದು ಸಿಟ್ಟಿಗಲ್ಲ ಎಂಬುದು ಆಗ ಹೊಳೆದು ನಾಚಿಕೆಯಾಯಿತು.

"ಇಲ್ಲಿದ್ದೀನಿ ಕಣೇ" ಎಂದರು ಮಾವ. ದನಿ ಒಡೆದಿತ್ತು. "ಅದು ಷರ್ಟು. ನಾನು ಇಲ್ಲಿದ್ದೀನಿ."

ಅತ್ತೆ ದನಿ ಬಂದತ್ತ ತಿರುಗಿದರು. ಮಾವ ಓಡಿಬಂದು ಲೋಟವನ್ನೂ ಕೈಯನ್ನೂ ಒಟ್ಟಿಗೇ ಹಿಡಿದುಕೊಂಡರು.

ಬೈಕು ತರುತ್ತೇನೆ ಎಂದರೂ ಕೇಳದೆ, ಮೈಸೂರು ಬಸ್ಸಿಗೆ ಇಬ್ಬರೂ ನಡೆದೇ ಹೊರಟರು. ನಾನು ಚೀಲ ಹಿಡಿದು ಹಿಂದೆ. ಮಾವ ಅತ್ತೆಯ ಕೈ ಬಿಡಲಿಲ್ಲ, ಬಾಯಿಯನ್ನೂ ಮುಚ್ಚಲಿಲ್ಲ. "ಇಲ್ಲೊಂದು ಕಲ್ಲಿದೆ, ಈ ಕಡೆ ಬಾ. ನೀರು ನಿಂತಿದೆ, ಸೀರೆ ಎತ್ಕೋ. ಎದುರಿಗೆ ಹಸು ಬರ್ತಾ ಇದೆ, ಹೆದರ್ಬೇಡ, ಸಾಧು ಹಸು. ಈಗ ಇಳಿಜಾರು. ಎಡಗಡೆ ಅಂಗಡೀಲಿ ನಿನಗಿಷ್ಟದ ಕಾಕಡ ಹೂವು ಇಟ್ಟಿದ್ದಾರೆ."

"ಸ್ವಲ್ಪ ಮೆತ್ತಗೆ ಹೇಳಿ. ಬೀದಿಗೆಲ್ಲ ಕೇಳ್ತಾ ಇದೆ" ಎಂದರು ಅತ್ತೆ.

ಮಾವ ದನಿ ತಗ್ಗಿಸಲಿಲ್ಲ.