ಸುತ್ತಿಗೆ ಏಟು, ಬಂಡೆಯ ಬಿರುಕು, ನಮ್ಮ ಗೌರಿ

ಭೂತಾಯಿಯ ಹೊಟ್ಟೆಯೊಳಗೆ ಏನಿದೆ ಎಂದು ಬಲ್ಲವರು ನಮ್ಮ ಹುಳಿಯಾರು ಕಡೆ ಮನೆಗೊಬ್ಬರಿದ್ದಾರೆ. ನೀರೊಂದೇ ಅವರ ಮಾತು ಕೇಳುವುದಿಲ್ಲ. ನನ್ನ ತೆಂಗಿನ ತೋಟದ ಎರಡು ಬೋರ್‌ವೆಲ್‌ಗಳು ಹಾಗೇ ಹುಸಿಯಾದವು. ಮೂರನೆಯದರಲ್ಲೂ ನೀರು ಬಾರದಿದ್ದರೆ ಅಪ್ಪ ನೆಟ್ಟ ಮರಗಳು ಉಳಿಯುವಂತಿರಲಿಲ್ಲ.

ನಿಂತ ಕಾಯಿ

ಮೊದಲೆರಡು ಜಾಗ ತೋರಿಸಿದ್ದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವ ಪಕ್ಕದೂರಿನ ಯಜಮಾನರು. ನೀರಿದ್ದಲ್ಲಿ ಕಾಯಿ ನೆಟ್ಟಗೆ ಎದ್ದು ನಿಲ್ಲುತ್ತದಂತೆ. ನಿಂತಿತು. ಕೊರೆಸಿದೆ. ಧೂಳು ಬಂತು.

"ಕಾಯಿ ಸುಳ್ಳು ಹೇಳಕಿಲ್ಲ ಕಣಪ್ಪ. ನೀರು ಇನ್ನೂ ಕೆಳಕ್ಕೆ ಹೋಗೈತೆ," ಎಂದರು.

"ಎಷ್ಟು ಕೆಳಕ್ಕೆ?"

"ಅದು ಕಾಯಿಗೆ ಗೊತ್ತಾಗಕಿಲ್ಲ."

ದೇವರನ್ನು ನೆನೆದು ಆ ಕಾಯಿಯನ್ನು ಅಲ್ಲೇ ಒಡೆದೆ. ಒಳಗೆ ಒಣಗಿ ಕೊಬ್ಬರಿಯಾಗಿತ್ತು. ಅದರಲ್ಲೂ ಒಂದು ತೊಟ್ಟು ನೀರಿರಲಿಲ್ಲ.

ಯಾರೂ ಅಲುಗಾಡಬೇಡಿ

ತಿಪಟೂರಿನಿಂದ, ಯಂತ್ರದಲ್ಲಿ ನೀರು ಹುಡುಕುವ ಇಂಜಿನಿಯರನ್ನು ಕರೆಸಿದೆ. ನೆಲದ ಅದುರು ಹಿಡಿಯುವ ಮೊಳೆಗಳನ್ನು ಸಾಲಾಗಿ ಊರಿ, ತಂತಿ ಎಳೆದು ಕಂಪ್ಯೂಟರಿಗೆ ಸೇರಿಸಿದರು. ಕಬ್ಬಿಣದ ಹಲಗೆಯ ಮೇಲೆ ದೊಡ್ಡ ಸುತ್ತಿಗೆಯಿಂದ ಬಡಿದರೆ ಕಂಪನ ಬಂಡೆಯೊಳಗೆ ಓಡುತ್ತದಂತೆ. ಗಟ್ಟಿ ಬಂಡೆಯಲ್ಲಿ ಸಲೀಸಾಗಿ ಓಡಿದ್ದು ಬಿರುಕಿದ್ದಲ್ಲಿ ತಡವರಿಸುತ್ತದೆ. ನೀರಿರುವುದು ಆ ಬಿರುಕಿನಲ್ಲೇ. ಗುಮಾಸ್ತರ ಮೇಜಿನ ಹತ್ತಿರ ಕಡತ ತಡವರಿಸುವುದನ್ನು ಬೇಕಾದಷ್ಟು ಕಂಡವನಾದ್ದರಿಂದ ನನಗೆ ಈ ವಿಜ್ಞಾನ ಕಷ್ಟವಾಗಲಿಲ್ಲ.

ಸುತ್ತಿಗೆ ಎತ್ತುವಷ್ಟರಲ್ಲಿ ನನ್ನಾಕೆ ಅಡ್ಡ ನಿಂತಳು. "ಭೂಮ್ತಾಯಿಗೆ ಹೊಡೀತೀರಲ್ಲ, ಅಪ್ಪಣೆ ಕೇಳಿದ್ರೇನ್ರೀ?" ಸುತ್ತಿಗೆಗೆ, ಹಲಗೆಗೆ, ಕಂಪ್ಯೂಟರಿಗೆ ಕುಂಕುಮವಾಯಿತು. ಮಿಕ್ಕಿದ್ದು ಇಂಜಿನಿಯರ ಹಣೆಗೆ.

"ಯಾರೂ ಅಲುಗಾಡಬೇಡಿ," ಎಂದು ಅವರು ಬಡಿದರು. ಅದೇ ಹೊತ್ತಿಗೆ ಮರದಿಂದ ಧೊಪ್ಪನೆ ಕಾಯಿ ಬಿತ್ತು. ಲೆಕ್ಕ ಕೆಟ್ಟಿತು. ಮತ್ತೆ ಬಡಿದರು, ಮತ್ತೊಂದು ಬಿತ್ತು.

"ಕಾಯಿ ಬೀಳದ ಜಾಗವೇ ಇಲ್ವಾ ನಿಮ್ಮಲ್ಲಿ?" ಎಂದು ರೇಗಿದರು.

ಪಕ್ಕದ ತೋಟದವನು ವಿನಯದಿಂದ ಹೇಳಿದ: "ನಮ್ಮ ತೋಟಕ್ಕೆ ಬನ್ನಿ ಸಾರ್. ನುಸಿರೋಗ ಬಂದಾಗಿಂದ ಬೀಳಕೆ ಒಂದ್ ಕಾಯೂ ಇಲ್ಲ."

ಏಳನೇ ಮೊಳೆ

ಕೊನೆಗೆ ಇಂಜಿನಿಯರು ಕುಣಿದಾಡಿದರು. "ಯಜಮಾನ್ರೇ, ಏಳನೇ ಮೊಳೆ ನೋಡಿ! ಅಲೆ ಪೂರ್ತಿ ಚೆಲ್ಲಾಪಿಲ್ಲಿ. ಅಡೀಲಿ ಭಾರಿ ಬಿರುಕಿದೆ."

ಆಂಜನೇಯನಿಗೆ ಹರಕೆ ಹೊತ್ತು ಅಲ್ಲೇ ಕೊರೆಸಿದೆ. ಮಂಡಿಯುದ್ದ ನೀರು ಚಿಮ್ಮಿತು. ನನ್ನಾಕೆ ಕಣ್ಣೊರೆಸಿಕೊಂಡಳು.

ವಾರ ಕಳೆದು ಇಂಜಿನಿಯರು ನೀರು ನೋಡಲು ಬಂದರು. ಬೋರಿನ ಪಕ್ಕದ ಮರಕ್ಕೆ ಕಟ್ಟಿದ್ದ ನಮ್ಮ ಹಸು ಗೌರಿ, ನೊಣ ಓಡಿಸಲು ನೆಲಕ್ಕೆ ದಪದಪ ಕಾಲು ಬಡಿಯುತ್ತಿದ್ದಳು.

"ಇದನ್ನ ಅವತ್ತೂ ಇಲ್ಲೇ ಕಟ್ಟಿದ್ರಾ?"

"ಹೂಂ ಸಾರ್," ಎಂದ ಪಕ್ಕದ ತೋಟದವನು. "ತಂತಿ ತುಳೀತಿದ್ಲು, ನಾನೇ ಹಿಡ್ದು ಕಟ್ದೆ."

ಇಂಜಿನಿಯರು ಕಾಫಿಯನ್ನೂ ಕುಡಿಯದೆ ಹೊರಟರು.

ಗೌರಿ ಕಾಲು ಬಡಿದಲ್ಲೇ ನೀರು ಬಂದ ಸುದ್ದಿ ಸಂಜೆಯೊಳಗೆ ಊರೂರಿಗೆ ಮುಟ್ಟಿತು. ಮಾರನೇ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಾಗಿಲಿಗೆ ಬಂದವರು ಕಾಯಿ ನಿಲ್ಲಿಸುವ ಯಜಮಾನರು.

"ನಮ್ಮ ತೋಟದಾಗೆ ಬೋರ್ ಕೊರೆಸ್ಬೇಕು ಕಣಪ್ಪ. ನಿಮ್ಮ ಹಸಾನ ಒಂದಿನ ಕಳಿಸ್ಕೊಡು."

"ಮತ್ತೆ ನಿಮ್ಮ ಕಾಯಿ?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು.

"ಅದು ಬೇರೆಯೋರ ತೋಟಕ್ಕೆ ಬುಡಪ್ಪ."