ಒಬ್ಬನೇ ಓಡಲಾರೆ

ನಾನು ಹೆದರುಪುಕ್ಕಲ. ಇದನ್ನು ಇಷ್ಟು ಸಲೀಸಾಗಿ ಹೇಳಿಕೊಳ್ಳಲು ನನಗೆ ನಲವತ್ತೇಳು ವರ್ಷ ಬೇಕಾಯಿತು. ಲಿಫ್ಟಿನಲ್ಲಿ ಒಬ್ಬನೇ ಹೋಗುವುದಿಲ್ಲ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸುವಾಗ ಹೊರಗೆ ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಕಚೇರಿಯಲ್ಲಿ ಜಂಟಿ ಕಾರ್ಯದರ್ಶಿಗಳು ಕರೆದರೆ ಹೋಗುವ ಮೊದಲು ಒಂದು ಲೋಟ ನೀರು ಕುಡಿಯುತ್ತೇನೆ, ಬಂದ ಮೇಲೆ ಇನ್ನೊಂದು ಕುಡಿಯುತ್ತೇನೆ. ಇಂಥವನು ದಿಲ್ಲಿಯ ರಸ್ತೆಯಲ್ಲಿ ಏಳು ಕಿಲೋಮೀಟರ್ ಓಡಿದ್ದಾನೆ ಎಂದರೆ ನಮ್ಮ ಸೆಕ್ಷನ್ನಿನಲ್ಲಿ ಯಾರೂ ನಂಬುವುದಿಲ್ಲ. ಓಡಿದ್ದು ನಿಜ. ಆದರೆ ಸಾವಿರಾರು ಜನರ ಜೊತೆ, ಎದೆಗೆ ನಂಬರು ಅಂಟಿಸಿಕೊಂಡು, ಪೊಲೀಸರ ಕಾವಲಿನಲ್ಲಿ ಓಡಿದೆ. ರಸ್ತೆ ಮನೆ ಬಾಗಿಲಲ್ಲೇ ಬಿದ್ದಿರುವಾಗ ಜನ ಫಾರಂ ತುಂಬಿ, ಸಾಲು ನಿಂತು, ಯಾರೋ ಪಿಸ್ತೂಲು ಹಾರಿಸುವವರೆಗೆ ಕಾದು ಯಾಕೆ ಓಡಬೇಕು ಎಂದು ನನ್ನ ಹೆಂಡತಿ ವಿಮಲಾ ಈಗಲೂ ಕೇಳುತ್ತಾಳೆ. ನನ್ನ ಕಾರಣ ನನಗೆ ಗೊತ್ತು. ಇನ್ನೊಬ್ಬಳ ಕಾರಣವೂ ಗೊತ್ತು, ಅದು ನನ್ನದಕ್ಕಿಂತ ದೊಡ್ಡದು. ಎರಡನ್ನೂ ಹೇಳುತ್ತೇನೆ.

ನಾವಿರುವುದು ರಾಮಕೃಷ್ಣಪುರಂನ ಸರಕಾರಿ ಕ್ವಾರ್ಟರ್ಸಿನಲ್ಲಿ, ಎರಡನೆಯ ಮಹಡಿ. ಒಂದು ಸೆಪ್ಟೆಂಬರಿನಲ್ಲಿ ಡಿಸ್ಪೆನ್ಸರಿಯ ಡಾಕ್ಟರಮ್ಮ ನನ್ನ ರಕ್ತದ ವರದಿಯನ್ನು ಎರಡು ಸಲ ಓದಿ, ಸಕ್ಕರೆ ಕಾಯಿಲೆ ಇನ್ನೂ ಮನೆಯೊಳಗೆ ಬಂದಿಲ್ಲ, ಮೆಟ್ಟಿಲು ಹತ್ತುತ್ತಿದೆ ಎಂದರು. ಅವರು ಹಾಗೆ ಹೇಳಿದ ದಿನದಿಂದ ಮೆಟ್ಟಿಲಲ್ಲಿ ಯಾರ ಹೆಜ್ಜೆ ಕೇಳಿದರೂ ನನಗೆ ಎದೆ ಹಾರುತ್ತಿತ್ತು. ಏನು ಮಾಡಬೇಕು ಎಂದಿದ್ದಕ್ಕೆ, ಬೆಳಿಗ್ಗೆ ಎದ್ದು ಓಡಿ ಎಂದರು. ನಡೆದರೆ ಸಾಲದೇ ಎಂದೆ. ನೀವು ಎಷ್ಟು ವರ್ಷದಿಂದ ನಡೆಯುತ್ತಿದ್ದೀರಿ ಎಂದು ಕೇಳಿದರು. ಇಪ್ಪತ್ತು ವರ್ಷ, ಬಸ್ ಸ್ಟಾಪಿನವರೆಗೆ, ಎಂದೆ. ಅದರ ಫಲವೇ ಈ ವರದಿ ಎಂದರು. ಮನೆಗೆ ಬಂದು ಸುದ್ದಿ ಹೇಳಿದಾಗ ಒಂಬತ್ತನೆಯ ಕ್ಲಾಸಿನ ಮಗಳು ಕೇತಕಿ ಪುಸ್ತಕದಿಂದ ತಲೆಯೆತ್ತಿ, "ಪಪ್ಪಾ, ಆಪ್ ಓಡ್ತೀರಾ? ಸಚ್ ಮೇಂ?" ಎಂದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಬರೀ ಕಳವಳವಿತ್ತು. ಅದು ವ್ಯಂಗ್ಯಕ್ಕಿಂತ ಹೆಚ್ಚು ಚುಚ್ಚಿತು.

ಹೀಗೆ ನಾನು ಬೆಳಗಿನ ಜಾವ ಐದೂವರೆಗೆ ಬಿಳಿ ಬೂಟು ಹಾಕಿಕೊಂಡು ಹೊರಟೆ. ಮೊದಲ ತಿರುವಿನಲ್ಲೇ ಹಾಲಿನ ಬೂತು, ಅದರ ಮುಂದೆ ಮೂರು ನಾಯಿ. ಓಡಿದರೆ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಮೆಲ್ಲಗೆ ನಡೆದರೆ ಸುಮ್ಮನಿರುತ್ತದೆ ಎಂದು ಚಿತ್ರದುರ್ಗದಲ್ಲಿ ಚಿಕ್ಕವನಿದ್ದಾಗ ಕಲಿತಿದ್ದೆ. ಆದ್ದರಿಂದ ಬೂತಿನ ಹತ್ತಿರ ನಡೆದೆ. ಕಸದ ತೊಟ್ಟಿಯ ಹತ್ತಿರ ಇನ್ನೆರಡು ನಾಯಿ, ಅಲ್ಲೂ ನಡೆದೆ. ಕಮ್ಯುನಿಟಿ ಸೆಂಟರಿನ ಗೋಡೆಯ ಮೇಲೆ ಮಂಗಗಳು ಸಾಲಾಗಿ ಕೂತಿದ್ದವು. ಮಂಗಗಳ ವಿಷಯದಲ್ಲಿ ಓಡಬೇಕೋ ನಡೆಯಬೇಕೋ ಗೊತ್ತಿರಲಿಲ್ಲವಾಗಿ ವಾಪಸು ಬಂದೆ. ಲೆಕ್ಕ ಹಾಕಿದರೆ ನಾನು ನಿಜವಾಗಿ ಓಡಿದ್ದು ಎರಡು ಬ್ಲಾಕುಗಳ ನಡುವಿನಷ್ಟು ದೂರ. ಅಷ್ಟರಲ್ಲೇ ಗೇಟಿನ ಚೌಕೀದಾರ ಎದ್ದು ನಿಂತು, "ಕ್ಯಾ ಹುವಾ ಸಾಬ್, ಕೋಯಿ ಪೀಛೇ ಹೈ ಕ್ಯಾ?" ಎಂದ. ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ಅವನು ಕೇಳುವವರೆಗೆ ನನಗೆ ಆ ಯೋಚನೆಯೇ ಬಂದಿರಲಿಲ್ಲ. ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆದರೆ ಮಾರನೆಯ ದಿನದಿಂದ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುವುದು ಅಭ್ಯಾಸವಾಯಿತು. ಹಿಂದಕ್ಕೆ ನೋಡಿಕೊಂಡು ಮುಂದಕ್ಕೆ ಓಡುವುದು ಕತ್ತಿಗೆ ಒಳ್ಳೆಯ ವ್ಯಾಯಾಮ.

ಹೇಗೋ ಡಿಸೆಂಬರ್ ಬಂತು. ದಿಲ್ಲಿಯ ಡಿಸೆಂಬರಿನಲ್ಲಿ ಮಂಜು ಇಳಿದರೆ ನಮ್ಮ ಕೈ ನಮಗೆ ಕಾಣುವುದಿಲ್ಲ. ಅಂಥ ಒಂದು ದಿನ ನಾನು ಮನೆಯಲ್ಲೇ ಇರಬೇಕಿತ್ತು. ಆದರೆ ಹಿಂದಿನ ಸಂಜೆ ಸಹೋದ್ಯೋಗಿಯ ಮಗಳ ಮದುವೆಯಲ್ಲಿ ಆರು ಗುಲಾಬ್ ಜಾಮೂನು ತಿಂದಿದ್ದೆ. ಪಾಪಪ್ರಜ್ಞೆ ಹಾಸಿಗೆಯಿಂದ ಎಬ್ಬಿಸಿತು. ಒಂದು ಲೋಟ ಕಾಫಿ ಕುಡಿದು ಹೊರಟು, ಕ್ವಾರ್ಟರ್ಸ್ ದಾಟಿ, ಪಕ್ಕದ ಬಡಾವಣೆ ಮುನಿರ್ಕಾದ ಕಡೆಗೆ ಹೋಗುವ ರಸ್ತೆ ಹಿಡಿದೆ. ಮಂಜಿನಲ್ಲಿ ನಾಯಿಗಳಿಗೂ ನಾನು ಕಾಣುವುದಿಲ್ಲ ಎಂಬ ಸಮಾಧಾನದಲ್ಲಿ ಎಂದಿಗಿಂತ ಜೋರಾಗಿಯೇ ಓಡಿದೆ. ಸ್ವಲ್ಪ ದೂರದಲ್ಲಿ ಎಡಪಕ್ಕೆಯಲ್ಲಿ ಚಳಕ್ ಎಂದಿತು. ಇನ್ನೆರಡು ಹೆಜ್ಜೆಗೆ ಯಾರೋ ಒಳಗಿನಿಂದ ಹಿಡಿದು ಹಿಂಡಿದ ಹಾಗಾಯಿತು. ಚರಂಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಎಡಗಡೆ ಎಂದರೆ ಹೃದಯ. ಇದಕ್ಕಿಂತ ಹೆಚ್ಚು ವೈದ್ಯಶಾಸ್ತ್ರ ನನಗೆ ತಿಳಿಯದು. ಕೂಗೋಣವೆಂದರೆ ಯಾರನ್ನೆಂದು ಕೂಗಲಿ? ಸುತ್ತ ಬೆಳ್ಳಗಿನ ಗೋಡೆ. ದೂರದಲ್ಲಿ ಟ್ರಕ್ಕೊಂದು ಹಾದ ಸದ್ದು ಬಂತು, ದೀಪ ಕಾಣಲಿಲ್ಲ. ಆಗ ನಾನು ಸಾವಿಗಿಂತ ಬೇರೊಂದಕ್ಕೆ ಹೆದರಿದೆ. ನನ್ನ ಜೇಬಿನಲ್ಲಿ ಒಂದು ಕರವಸ್ತ್ರ, ಒಂದು ಬೀಗದ ಕೈ. ಹೆಸರಿಲ್ಲ, ವಿಳಾಸವಿಲ್ಲ. ಇಲ್ಲೇ ಬಿದ್ದರೆ ನಾನು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ಪೇಪರಿನಲ್ಲಿ 'ಬಿಳಿ ಬೂಟು ಧರಿಸಿದ ಸುಮಾರು ಐವತ್ತೈದರ ವ್ಯಕ್ತಿ' ಎಂದು ಬರೆಯುತ್ತಾರೆ. ಐವತ್ತೈದು ಎಂದೇ ಬರೆಯುತ್ತಾರೆ, ಅದರಲ್ಲಿ ನನಗೆ ಸಂಶಯವಿರಲಿಲ್ಲ. ಅದನ್ನು ಓದಿದ ವಿಮಲಾ, ಇದು ಬೇರೆ ಯಾರೋ ಮುದುಕ ಎಂದು ಪುಟ ತಿರುಗಿಸುತ್ತಾಳೆ. ನಗು ಬರಬೇಕಾದ ಯೋಚನೆ, ಆದರೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು.

ಅಷ್ಟರಲ್ಲಿ ಹೆಜ್ಜೆ ಸಪ್ಪಳ ಕೇಳಿತು. ಓಡಿ ಬರುತ್ತಿರುವ ಹೆಜ್ಜೆ. ಮಂಜಿನೊಳಗಿಂದ ಒಂದು ಆಕೃತಿ ಮೂಡಿ, ನನ್ನನ್ನು ಕಂಡು ತಟ್ಟನೆ ನಿಂತಿತು. ಎರಡು ಹೆಜ್ಜೆ ಹಿಂದೆ ಸರಿದು ಬಲಗೈ ಮೇಲೆತ್ತಿತು. ಆ ಕೈಯಲ್ಲಿ ಮುಷ್ಟಿ ಗಾತ್ರದ ಕಲ್ಲು. ನನ್ನ ಹಿಂದಿ ಅಷ್ಟೊತ್ತಿಗೆ ಪೂರಾ ಮರೆತುಹೋಗಿತ್ತು. ಎರಡೂ ಕೈ ಎತ್ತಿ, "ಅಯ್ಯಪ್ಪಾ, ಹೊಡೀಬೇಡಿ, ನನ್ನ ಹತ್ರ ಏನೂ ಇಲ್ಲ" ಎಂದೆ.

ಕಲ್ಲು ಮೇಲೇ ಇತ್ತು. ಆದರೆ ಅದರ ಹಿಂದಿನಿಂದ ಏದುಸಿರಿನ ಹೆಣ್ಣು ದನಿಯೊಂದು, "ಕನ್ನಡದವರೇನ್ರೀ ನೀವು?" ಎಂದಿತು.

ಅವಳ ಹೆಸರು ಶಾಹೀನಾ. ಗದಗಿನವಳು. ಮುನಿರ್ಕಾದ ಗಲ್ಲಿಯೊಂದರಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಕೋಣೆ ಹಿಡಿದು, ಊರಿನ ಆಚೆ ತುದಿಯ ಸಂಸ್ಥೆಯೊಂದರಲ್ಲಿ ಭೂಗೋಳದ ಸಂಶೋಧನೆ ಮಾಡುತ್ತಿದ್ದಳು. ಇದನ್ನೆಲ್ಲ ಅವಳು ಹೇಳಿದ್ದು ಆಮೇಲೆ. ಮೊದಲು ಮಾಡಿದ್ದು ಎಲ್ಲಿ ನೋವು, ತೋಳಿಗೆ ಹರಿಯುತ್ತಿದೆಯಾ, ಬೆವರು ಬರುತ್ತಿದೆಯಾ ಎಂದು ಕೇಳಿದ್ದು. ಓಡುವ ಮುಂಚೆ ಏನಾದರೂ ಕುಡಿದಿದ್ದೀರಾ ಎಂದಳು. ಕಾಫಿ ಎಂದೆ. "ಹೆದರಬ್ಯಾಡ್ರಿ ಅಂಕಲ್, ಅದು ಪಕ್ಕಿ ಹಿಡಿದದ್ದು. ಉದ್ದಕ ಉಸಿರು ತಗೋರಿ" ಎಂದಳು. ಹತ್ತು ಸಲ ಉಸಿರೆಳೆದೆ. ಹೃದಯಾಘಾತ ಹೊರಟುಹೋಯಿತು. ಅದರ ಜಾಗದಲ್ಲಿ ಬಂದ ನಾಚಿಕೆ ಮಾತ್ರ ಎಷ್ಟು ಉಸಿರೆಳೆದರೂ ಹೋಗಲಿಲ್ಲ.

ಅವಳೇ ಮನೆಯವರೆಗೆ ಬಿಟ್ಟಳು. ವಿಮಲಾ ಉಪ್ಪಿಟ್ಟು ಕೊಟ್ಟು ಕೂರಿಸಿಕೊಂಡಳು. ಕಲ್ಲನ್ನು ಶಾಹೀನಾ ಬಾಗಿಲ ಹೊರಗೆ ಚಪ್ಪಲಿಯ ಪಕ್ಕದಲ್ಲಿ ಇಟ್ಟಿದ್ದಳು. ಅದೇಕೆಂದು ವಿಮಲಾ ಕೇಳಿದಾಗ ತಟ್ಟೆ ನೋಡುತ್ತ ಹೇಳಿದಳು. ಎಂಟು ಗಂಟೆಯ ಬಸ್ಸು ಹಿಡಿಯಬೇಕು, ಹಾಗಾಗಿ ಓಡುವುದಿದ್ದರೆ ಬೆಳಕು ಹರಿಯುವ ಮುಂಚೆಯೇ ಆಗಬೇಕು. ಶಾಲೆಯ ದಿನದಿಂದ ಓಡುತ್ತ ಬಂದವಳು, ಬಿಟ್ಟರೆ ಕಾಲು ಕೇಳುವುದಿಲ್ಲ. ಎರಡು ತಿಂಗಳ ಹಿಂದೆ ಸ್ಕೂಟರಿನವನೊಬ್ಬ ದೀಪ ಆರಿಸಿಕೊಂಡು ಅರ್ಧ ಕಿಲೋಮೀಟರ್ ಅವಳ ಹಿಂದೆ ಬಂದನಂತೆ. ಅವಳು ನಿಂತರೆ ನಿಂತ, ಓಡಿದರೆ ಬಂದ. ಹಾಲಿನ ಬೂತಿನ ಬೆಳಕು ಕಂಡ ಮೇಲೆ ಸ್ಕೂಟರು ತಿರುಗಿಸಿಕೊಂಡು ಹೋದ. ಮಾತಾಡಲಿಲ್ಲ, ಮುಟ್ಟಲಿಲ್ಲ. ಹಾಗಾಗಿ ದೂರು ಕೊಡಲು ಕೂಡ ಏನೂ ಇರಲಿಲ್ಲ. ಆಮೇಲೆ ಹದಿನೈದು ದಿನ ಮನೆಯಲ್ಲೇ ಕೂತು, ಹದಿನಾರನೆಯ ದಿನ ಕಲ್ಲು ಹಿಡಿದು ಹೊರಟಳು.

ಮೂರು ತಿಂಗಳಿಂದ ಅದೇ ಹೊತ್ತಿನಲ್ಲಿ ನಾನು ನಾಯಿಗೆ, ಮಂಗಕ್ಕೆ, ಕಾಫಿಗೆ ಹೆದರುತ್ತಿದ್ದೆ. ಅವಳು ಹೆದರಿದ್ದು ಯಾರಿಗೆ? ಕತ್ತಲಲ್ಲಿ ರಸ್ತೆ ಬದಿ ಒಬ್ಬನೇ ಕೂತ ಗಂಡಸಿಗೆ. ಆ ಬೆಳಿಗ್ಗೆ ಆ ಗಂಡಸು ನಾನೇ ಆಗಿದ್ದೆ. ಜೀವಮಾನದಲ್ಲಿ ಒಬ್ಬರೂ ನನ್ನನ್ನು ಕಂಡು ಹೆದರಿದ್ದಿಲ್ಲ, ನಮ್ಮ ಆಫೀಸಿನ ಜವಾನನೂ ಹೆದರುವುದಿಲ್ಲ. ಮೊದಲ ಸಲ ಒಬ್ಬರು ಹೆದರಿದರು, ಅದು ನನಗೆ ಚೂರೂ ಹಿತವೆನಿಸಲಿಲ್ಲ.

ಫೆಬ್ರುವರಿಯಲ್ಲಿ ದೊಡ್ಡ ಓಟವೊಂದು ನಡೆಯುವುದಿತ್ತು. ಶಾಹೀನಾ ಇಪ್ಪತ್ತೊಂದು ಕಿಲೋಮೀಟರಿಗೆ ಹೆಸರು ಕೊಟ್ಟಿದ್ದಳು. ಸಾಮಾನ್ಯರಿಗೆ ಏಳು ಕಿಲೋಮೀಟರಿನದೂ ಇದೆ, ನೀವೂ ಬನ್ನಿ ಎಂದಳು. ವಿಮಲಾ ಆಗಲೇ ತನ್ನ ಪ್ರಶ್ನೆ ಕೇಳಿದ್ದು: ಓಡುವುದಕ್ಕೆ ಜಾತ್ರೆ ಯಾಕೆ ಬೇಕು? ಶಾಹೀನಾ, "ಆಂಟಿ, ವರ್ಷಕ್ಕ ಅದೊಂದು ದಿನ ನಾ ಹಿಂದ ತಿರುಗಿ ನೋಡಂಗಿಲ್ಲ" ಎಂದಳು. ವಿಮಲಾ ಮತ್ತೆ ಕೇಳಲಿಲ್ಲ, ಅವಳ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದಳು. ನನ್ನನ್ನು ಮಾತ್ರ ಈಗಲೂ ಕೇಳುತ್ತಾಳೆ, ಏಕೆಂದರೆ ನನ್ನ ಹತ್ತಿರ ಅಂಥ ಉತ್ತರವಿಲ್ಲ.

ಫಾರಂ ತಂದು ಓದಿದೆ. ಸರಕಾರಿ ನೌಕರನಾದ್ದರಿಂದ ಸಣ್ಣ ಅಕ್ಷರದ್ದನ್ನೂ ಬಿಡಲಿಲ್ಲ. ಗಾಯವಾದರೆ ಹೊಣೆ ನಿಮ್ಮದು, ಪ್ರಾಣ ಹೋದರೂ ನಿಮ್ಮದೇ ಎಂದು ಬರೆದಿತ್ತು. ಪೆನ್ನು ಕೆಳಗಿಟ್ಟೆ. ಅದರ ಕೆಳಗೆ, ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬ ಕಾಲಂ. ನಾನು ಬಿದ್ದರೆ ಯಾರಿಗೆ ಹೇಳಬೇಕೆಂದು ಈ ಊರಿನಲ್ಲಿ ಯಾರೋ ಕೇಳುತ್ತಿದ್ದಾರೆ! ವಿಮಲಾಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ.

ಓಟದ ಬೆಳಿಗ್ಗೆ ನಿಜವಾಗಿ ಸ್ವರ್ಗ. ನಾಯಿಗಳನ್ನು ಯಾರೋ ಓಡಿಸಿದ್ದರು. ಮೂಲೆಮೂಲೆಗೆ ಪೊಲೀಸರು, ಅಲ್ಲಲ್ಲಿ ಆಂಬುಲೆನ್ಸು. ನಾನು ಯಾವ ಆಂಬುಲೆನ್ಸಿನಿಂದ ಎಷ್ಟು ದೂರ ಬಂದೆ, ಮುಂದಿನದು ಎಷ್ಟು ಹತ್ತಿರ ಎಂದು ನೋಡಿಕೊಂಡೇ ಓಡಿದೆ. ಪಕ್ಕದಲ್ಲಿ ಮಾನೇಸರ್‌ನ ಕಾರ್ಖಾನೆಯೊಂದರ ಸೂಪರ್‌ವೈಸರ್, ಮೀಸೆಯ ದಪ್ಪ ಆಸಾಮಿ, ನನ್ನಷ್ಟೇ ನಿಧಾನ. ಊರಿನಲ್ಲಿ ಇವನಿಗೆ ಹೆದರದವರಿರಲಿಕ್ಕಿಲ್ಲ ಎನಿಸುವಂಥ ಮೈಕಟ್ಟು. ನೀವು ದಿನಾ ಒಬ್ಬರೇ ಓಡುತ್ತೀರಾ ಎಂದು ಕೇಳಿದೆ. ಇಲ್ಲವೆಂದ. ಅವನ ಅಣ್ಣ ಹೋದ ವರ್ಷ ಪಾರ್ಕಿನಲ್ಲಿ ನಡೆಯುತ್ತಿದ್ದಾಗಲೇ ಕುಸಿದು ಬಿದ್ದು ತೀರಿಕೊಂಡನಂತೆ. ಅಂದಿನಿಂದ ಒಬ್ಬನೇ ಓಡಿದರೆ ತನ್ನ ಎದೆಬಡಿತ ತನಗೇ ಕೇಳುತ್ತದೆ, ಇಲ್ಲಿ ಬೇರೆಯವರ ಹೆಜ್ಜೆ ಕೇಳುತ್ತದೆ ಎಂದ. ಆಮೇಲೆ ನಾವಿಬ್ಬರೂ ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಕೇಳುವಂತೆ ಓಡಿದೆವು.

ಆದರೆ ನಾಲ್ಕನೆಯ ಕಿಲೋಮೀಟರಿನಲ್ಲಿ ಅವನಿಗೆ ಉತ್ಸಾಹ ಬಂದುಬಿಟ್ಟಿತು. ಮುಂದೆ ಹೋದ. ಎಲ್ಲರೂ ಹೋದರು. ಹಿಂದೆ ಯಾರಿದ್ದಾರೆ ಎಂದು ತಿರುಗಿದೆ. ಮನುಷ್ಯರು ಒಬ್ಬರೂ ಇಲ್ಲ, ಒಂದು ಬಸ್ಸು ಬರುತ್ತಿತ್ತು. ಓಡಲಾರದವರನ್ನು ಹತ್ತಿಸಿಕೊಂಡು, ತನ್ನ ಹಿಂದೆಯೇ ರಸ್ತೆಯನ್ನು ವಾಹನಗಳಿಗೆ ಬಿಡುತ್ತ ಬರುವ ಬಸ್ಸು. ಅದರ ಬೆನ್ನಿಗೆ ದಿಲ್ಲಿಯ ಅಷ್ಟೂ ಟ್ರಾಫಿಕ್ಕು ಹಾರ್ನ್ ಹೊಡೆಯುತ್ತ ಕಾದಿತ್ತು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬನ್ನಿ ಅಂಕಲ್‌ಜೀ, ಸೀಟು ಖಾಲಿಯಿದೆ ಎಂದು ಬಹಳ ಪ್ರೀತಿಯಿಂದ ಕರೆದ. ಆ ಪ್ರೀತಿಗೆ ನಾನು ಹೆದರಿದಷ್ಟು ಯಾವ ನಾಯಿಗೂ ಹೆದರಿಲ್ಲ. ಕಾಲುಗಳು ನನ್ನ ಅಪ್ಪಣೆ ಕೇಳದೆ ಓಡಿದವು. ಕೊನೆಯ ಮೂರು ಕಿಲೋಮೀಟರ್ ನಾನು ಪೂರೈಸಿದ್ದು ಆರೋಗ್ಯಕ್ಕಾಗಿ ಅಲ್ಲ, ಪ್ರಾಣಭಯದಿಂದ. ಗೆರೆ ದಾಟಿದಾಗ ಕೊರಳಿಗೆ ಪದಕ ಹಾಕಿದರು. ನಮಗಿಂತ ಎರಡು ಗಂಟೆ ಮೊದಲೇ ಹೊರಟಿದ್ದ ಶಾಹೀನಾ ಅಲ್ಲಿ ಆಗಲೇ ಓಟ ಮುಗಿಸಿ, ಹುಲ್ಲಿನ ಮೇಲೆ ಬೂಟು ಬಿಚ್ಚಿ, ಕಾಲು ಚಾಚಿ ಕೂತಿದ್ದಳು. ಕೈ ಎರಡೂ ಖಾಲಿ. ಅಷ್ಟು ಜನರ ನಡುವೆ ಕಣ್ಣು ಮುಚ್ಚಿಕೊಂಡು ಬಿಸಿಲಿಗೆ ಮುಖ ಒಡ್ಡಿದ್ದಳು. ನಾನು ಕರೆಯಲಿಲ್ಲ. ತಾನಾಗಿ ಕಣ್ಣು ತೆರೆಯಲಿ ಎಂದು ಸ್ವಲ್ಪ ದೂರದಲ್ಲಿ ಕೂತೆ.

ಆಮೇಲೆ ಒಂದೂವರೆ ವರ್ಷ ನಾವಿಬ್ಬರೂ ವಾರಕ್ಕೆ ಮೂರು ದಿನ ಜೊತೆಯಾಗಿ ಓಡಿದೆವು. ಅವಳು ಮುಂದೆ ಹೋಗಿ, ತಿರುಗಿ ಬಂದು, ಮತ್ತೆ ಮುಂದೆ ಹೋಗಿ, ನನ್ನ ಒಂದು ಸುತ್ತಿಗೆ ಎರಡು ಸುತ್ತು ಓಡುತ್ತಿದ್ದಳು. ಪಿಎಚ್.ಡಿ. ಮುಗಿದು ಹೈದರಾಬಾದಿನಲ್ಲಿ ಕೆಲಸ ಸಿಕ್ಕಿ ಹೊರಟಾಗ ವಿಮಲಾ ಅತ್ತಳು. ನಾನೂ ಅತ್ತೆ, ಒಳಗೊಳಗೆ ಇನ್ನು ಬೆಳಿಗ್ಗೆ ಮಲಗಬಹುದೆಂದು ಸಮಾಧಾನವನ್ನೂ ಪಟ್ಟೆ. ಆದರೆ ಮುಂದಿನ ಸೋಮವಾರ ಐದೂವರೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಮುನಿರ್ಕಾದ ನಾಲ್ವರು ಹುಡುಗಿಯರು ಬೂಟು ಹಾಕಿಕೊಂಡು ನಿಂತಿದ್ದರು. ಅಂಕಲ್ ಜೊತೆಗಿದ್ದರೆ ಭಯವಿಲ್ಲ ಎಂದು ಶಾಹೀನಾ ದೀದಿ ಹೇಳಿಹೋಗಿದ್ದಾಳಂತೆ. ಇಲ್ಲವೆನ್ನಲು ಧೈರ್ಯ ಸಾಲಲಿಲ್ಲ. ಅಂದಿನಿಂದ ಅವರನ್ನು ಕಾಯಲು ನಾನು ದಿನಾ ಹೋಗುತ್ತೇನೆ ಎಂದು ವಿಮಲಾ ಇಡೀ ಕ್ವಾರ್ಟರ್ಸಿಗೆ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾಳೆ. ಹೋಗುವುದು ನಿಜ. ಇಬ್ಬರು ಮುಂದೆ ಓಡುತ್ತಾರೆ, ಇಬ್ಬರು ಹಿಂದೆ ಓಡುತ್ತಾರೆ. ನಾನು ನಡುವೆ.